ಓಟ ಬಿಟ್ಟು ಅಪ್ಪನ್ನ ಹಿಡದ ಕ್ಯಾಮೆರಾ

ಗೆಳೆಯರ, ಇವತ್ತು ಯಲಬುರ್ಗಾದ ಸಾಲ್ಯಾಗ ನನ್ನ ಮರ್ಯಾದಿ ಹೋತು, ಆದ್ರೂ ಖುಷಿಯಾಗೇನಿ.

ಹುಡುಗ್ಯಾರ ಓಟದ ಫೋಟೋ ರಾಯಚೂರಿನ ಸಾಲಿ ತಪಾಸಣಿ ಸಾಹೇಬರಿಗೆ ಕಳಸಬೇಕಂತ ಹೆಡ್‌ಮಾಸ್ತರು ಕರದಿದ್ರು. ನಾ ಹೋದಾಗ ಗಂಗವ್ವ ಅನ್ನೋ ಹುಡುಗಿಯ ಅಪ್ಪ, "ಹೆಣ್ಣುಡುಗಿಗೆ ಓಟ ಯಾಕ್ರಿ? ಮನಿಗೆ ಕಳಸ್ರಿ," ಅಂತ ಜಗಳಾ ತಗದಿದ್ದ. ಹೆಡ್‌ಮಾಸ್ತರು ಕೈ ಮುಗದು ಅವನ್ನ ಓಟ ನೋಡಾಕ ನಿಲ್ಲಿಸಿದ್ರು.

ನನ್ನ ಡಬ್ಬಿ ಕ್ಯಾಮೆರಾದ ಕನ್ನಡ್ಯಾಗ ಎಡಕ್ಕಿದ್ದದ್ದು ಬಲಕ್ಕ ಕಾಣತೈತಿ. ನಾ ಇನ್ನೂ ಕಲಿಯಾಕತ್ತವ. ಎಲ್ಲಾರಿಗಿಂತ ಮುಂದ ಗಂಗವ್ವ ಹಗ್ಗ ಮುಟ್ಟೂ ಹೊತ್ತಿಗೆ ಕ್ಯಾಮೆರಾ ಉಲ್ಟಾ ದಿಕ್ಕಿಗೆ ತಿರುಗಿಸಿ ಒತ್ತಿಬಿಟ್ಟೆ.

ಸಂಜಿಗೆ ರೀಲು ತೊಳದು ನೋಡಿದ್ರ ಫೋಟೋದಾಗ ಓಡಾವ್ರು ಒಬ್ರೂ ಇಲ್ಲ! ನೋಡಾಕ ನಿಂತ ಮಂದಿ ನಡುವ ಗಂಗವ್ವನ ಅಪ್ಪ, ತಲಿಮ್ಯಾಲಿನ ಪಟಕಾ ಬಿಚ್ಚಿ ಬೀಸಿ, ಬಾಯಿ ತಗದು ಕೂಗಿಕೊಂತ ಜಿಗಿಯಾಕತ್ಯಾನ.

ಫೋಟೋ ಒಯ್ದು ಎಲ್ಲಾರಿಗೂ ತೋರಿಸಿದೆ. ಗಂಗವ್ವ ನೋಡಿ, "ಅಪ್ಪಾ, ನೀ ಜಿಗದೀಯಲ್ಲ!" ಅಂದಳು.

"ಅಂವ ನಾ ಅಲ್ಲ. ನನ್ನಂಗ ಇನ್ನೊಬ್ಬ ಯಾರೋ ಇರಬೇಕು," ಅಂದ ಅಪ್ಪ. ಹಂಗ ಅನಕೊಂತನೇ ಫೋಟೋ ಇಸಗೊಂಡು ಅಂಗಿ ಕಿಸೇದಾಗ ಇಟ್ಕೊಂಡ.

ಹೆಡ್‌ಮಾಸ್ತರು ಸಿಟ್ಟಾಗ್ಯಾರ. ಆಗಲಿ ಬಿಡ್ರಿ, ನಾ ಇಲ್ಲೀತನಕ ತಗದ ಫೋಟೋದಾಗ ಇದೊಂದೇ ಛಲೋ ಬಂದೈತಿ.