ಹಿಮ ಕಳೆಯುವ ಮುನ್ನ

ಡಂಗಾಗ್ ಊರಿನ ನದಿಬೀದಿಗೆ ಸೀಮೆಬದನೆ ನೆಡುವ ದಿನ ಗೊತ್ತುಮಾಡುತ್ತಿದ್ದವಳು ಎನಿಡ್ ಟ್ರಾಂಟರ್. ಅಲ್ಲಿ ಚಳಿಗಾಲ ಮುಗಿಯುವ ಆಗಸ್ಟ್ ಬಂತೆಂದರೆ ದಿನಾ ಸಂಜೆ ಬೇಲಿಗೂಟದ ಮೇಲೆ ಒಂದು ತಟ್ಟೆ ನೀರಿಡುವಳು. ಬೆಳಿಗ್ಗೆ ಬೆರಳಿಗೆ ಹಿಮದ ಪದರ ಸಿಕ್ಕಿದರೆ ಲೆಕ್ಕ ಮತ್ತೆ ಮೊದಲಿನಿಂದ. ಸತತ ಹದಿನಾಲ್ಕು ಬೆಳಗು ನೀರು ನೀರಾಗಿಯೇ ಉಳಿದರೆ, ಅಡುಗೆಮನೆ ಕಿಟಕಿಯಲ್ಲಿ ಮೊಳೆತ ಕಾಯಿಗಳನ್ನು ಹಿತ್ತಿಲಿಗೆ ಒಯ್ಯುವಳು. ಅವಳ ಗುದ್ದಲಿ ಸದ್ದು ಕೇಳಿದರೆ ಸಾಕು, ಸಂಜೆಯೊಳಗೆ ಬೀದಿಯೆಲ್ಲ ನೆಟ್ಟು ಮುಗಿಸುತ್ತಿತ್ತು. ಇಪ್ಪತ್ತಾರು ವರ್ಷ ಹೀಗೇ ನಡೆಯಿತು. ಗಂಡ ಹೋದ ಮೇಲೆ ಅವಳಿಗೆ ಉಳಿದದ್ದು ಆ ಮರ್ಯಾದೆಯೊಂದೇ.

ಆಮೇಲೆ ಪಕ್ಕದ ಬೇಕರಿ ಮನೆಗೆ ವಿನ್ನಿ ಕೋಡ್ ಬಂದಳು. ಸೆಪ್ಟೆಂಬರ್ ಶುರುವಿನಲ್ಲೇ ನೆಟ್ಟಳು, ಎಲ್ಲರಿಗಿಂತ ಮೊದಲು ಬುಟ್ಟಿಗಟ್ಟಲೆ ಹಂಚಿದಳು. ಹಿತ್ತಿಲಿಗಂಟಿದ ಬೇಕರಿ ಒಲೆಯ ಗೋಡೆ ರಾತ್ರಿಯೆಲ್ಲ ಬೆಚ್ಚಗಿದ್ದರೆ ಯಾರ ಬಳ್ಳಿ ತಾನೇ ಬದುಕುವುದಿಲ್ಲ? ಎನಿಡ್‌ಗೆ ಅದು ಗೊತ್ತಿತ್ತು. ಗೊತ್ತಿದ್ದೂ ಹೊಟ್ಟೆ ಉರಿಯಿತು.

"ವಿನ್ನಿ ಕೈಗುಣ ನೋಡಿ, ಎಂಥಾ ಎಳೆಕಾಯಿ!" ಎಂದು ಎದುರುಮನೆ ಮುದುಕ ಕ್ಲಾರಿ ಎರಡು ಕೊಟ್ಟ.

"ಕೈಗುಣ ಅಲ್ಲ, ಒಲೆ ಗುಣ," ಎಂದು ಎನಿಡ್ ಎರಡನ್ನೂ ಕೋಳಿಗೆ ಹಾಕಿದಳು.

ಮರುವರ್ಷ ಲೆಕ್ಕ ಇನ್ನೂ ಐದನೇ ಬೆಳಗಿಗೆ ಬಂದಿತ್ತು. ಬೇಲಿಯಾಚೆ ವಿನ್ನಿ ಗುಂಡಿ ತೋಡುತ್ತಿರುವುದು ಕಂಡಿತು. ಎನಿಡ್‌ಗೆ ತಡೆಯಲಾಗಲಿಲ್ಲ. ಅವಳಿಗಿಂತ ಮೊದಲು ನೆಟ್ಟು ಕೈತೊಳೆದಳು. ಎಂದಿನಂತೆ ಬೀದಿಯೂ ನೆಟ್ಟಿತು.

ನಾಲ್ಕನೇ ಬೆಳಿಗ್ಗೆ ಹುಲ್ಲು ಸುಣ್ಣ ಬಳಿದಂತೆ ಬೆಳ್ಳಗಿತ್ತು. ಬಿಸಿಲೇರುವಷ್ಟರಲ್ಲಿ ಬೀದಿಯ ಸಸಿಗಳೆಲ್ಲ ಕಪ್ಪಾಗಿ ಸತ್ತವು, ವಿನ್ನಿಯದೊಂದು ಬಿಟ್ಟು.

"ಬಿಡಿ ಎನಿಡ್," ಎಂದು ಕ್ಲಾರಿ ಸಮಾಧಾನ ಹೇಳಿದ. "ನಿಮಗೇ ಮೋಸ ಮಾಡಿದ ಹಿಮ, ನಮ್ಮನ್ನ ಬಿಡುತ್ತಾ?"

ಹೂಂ ಎಂದಿದ್ದರೆ ಮರ್ಯಾದೆ ಉಳಿಯುತ್ತಿತ್ತು.

"ಹಿಮ ಮೋಸ ಮಾಡ್ಲಿಲ್ಲ, ಕ್ಲಾರಿ. ಇನ್ನೂ ಬರುತ್ತೆ ಅಂತ ನಂಗೊತ್ತಿತ್ತು. ಆ ವಿನ್ನಿಗಿಂತ ಮುಂಚೆ ನೆಡಬೇಕಿತ್ತು, ಅಷ್ಟೇ."

ಕ್ಲಾರಿ ನೆಟ್ಟಗೆ ಬೀದಿಗಿಳಿದು ಮನೆಮನೆಗೂ ಅದನ್ನು ಹೇಳಿದ.

ಮಧ್ಯಾಹ್ನ ವಿನ್ನಿ ಬಂದಳು. "ನನ್ಹತ್ರ ಉಳಿದ ಮೊಳಕೆಕಾಯಿ ಎಲ್ರಿಗೂ ಕೊಟ್ಟೆ, ಮಿಸೆಸ್ ಟ್ರಾಂಟರ್. ಯಾವತ್ತು ನೆಡೋದು ಅಂತ ನನ್ನೇ ಕೇಳ್ತಿದಾರೆ. ನಂಗೇನ್ ಗೊತ್ತು?"

'ನನ್ನೇ' ಎಂಬುದು ಎನಿಡ್‌ಗೆ ಮುಳ್ಳಿನಂತೆ ಚುಚ್ಚಿತು. "ಅಕ್ಟೋಬರಿನ ಮೊದಲ ಸೋಮವಾರದ ರಜೆ ಕಳೀಲಿ ಅನ್ನು. ನಾನು ಹೇಳಿದ್ದು ಅನ್ಬೇಡ, ನನ್ ಮಾತು ಇನ್ನು ಯಾರೂ ನಂಬಲ್ಲ."

ವಿನ್ನಿಯ ಮಾತೆಂದು ಬೀದಿಯೆಲ್ಲ ಆ ಸೋಮವಾರ ಕಳೆದ ಮೇಲೆಯೇ ನೆಟ್ಟಿತು. ಒಂದು ಬಳ್ಳಿಯೂ ಸಾಯಲಿಲ್ಲ.