ಕಹಳೆ ಮಾವನ ಮಂಡಿ ಮತ್ತು ಬಾಯಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೂರನೇ ಮಹಡಿಯ ಮನೆಯಿಂದ ಒಬ್ಬರು ಕಂಬಿ ಹಿಡಿದುಕೊಂಡು ಹಿಮ್ಮುಖವಾಗಿ ಮೆಟ್ಟಿಲು ಇಳಿಯುತ್ತಿದ್ದಾರೆ. ಮುಂದೆ ನೋಡಿಕೊಂಡು ಇಳಿದರೆ ಬಲಮಂಡಿ ಮಾತು ಕೇಳುವುದಿಲ್ಲ. "ಏಡಿಗೂ ನಿಮಗೂ ಏನ್ರೀ ವ್ಯತ್ಯಾಸ?" ಎನ್ನುತ್ತಾರೆ ಬಾಗಿಲಲ್ಲಿ ನಿಂತ ಹೆಂಡತಿ. "ಏಡಿಗೆ ಮ್ಯಾಚ್ ಇಲ್ಲ ಕಣೇ" ಎಂಬ ಉತ್ತರ ಕೆಳಗಿನಿಂದ ಬರುತ್ತದೆ.

ಇವರು ಊರಿನ ಫುಟ್‌ಬಾಲ್ ಕ್ಲಬ್ಬಿನ ಮಿಡ್‌ಫೀಲ್ಡರ್. ವಯಸ್ಸು ಮೂವತ್ತಾರು. ಮೈದಾನದ ನಡುವೆ ನಿಂತು ಚೆಂಡು ಕಿತ್ತುಕೊಂಡು ಮುಂದಿನವರಿಗೆ ದಾಟಿಸುವ ಕೆಲಸ. ಗೋಲು ಹೊಡೆದವರ ಫೋಟೊ ಪತ್ರಿಕೆಯಲ್ಲಿ ಬರುತ್ತದೆ. ಅದರಲ್ಲಿ ಯಾರದೋ ಭುಜದ ಹಿಂದೆ ಅರ್ಧ ಕಿವಿ ಕಂಡರೆ ಅದು ಇವರದು.

ಹುಡುಗರು ಇವರನ್ನು 'ಕಹಳೆ ಮಾವ' ಎನ್ನುತ್ತಾರೆ. ಆಟ ಶುರುವಾದರೆ ಬಾಯಿ ಮುಚ್ಚುವುದಿಲ್ಲ. "ಬೆನ್ನ ಹಿಂದೆ ಇದಾನೆ!", "ಬಿಡು!", "ಈಗ ಏರಿ!" ಕೂಗು ಬಿದ್ದರೆ ಹಿಂದೆ ನಿಂತು ತಡೆಯುವ ನಾಲ್ವರೂ ತಿರುಗಿ ನೋಡದೆ ಹೇಳಿದಂತೆ ಮಾಡುತ್ತಾರೆ. ತಿರುಗಿ ನೋಡುವಷ್ಟರಲ್ಲಿ ಗೋಲು ಬಿದ್ದಿರುತ್ತದೆ.

ಈ ಸಲ ಕ್ಲಬ್ಬು ಎಲ್ಲರಿಗೂ ಒಂದೊಂದು ಬಿಗಿ ಬನಿಯನ್ ತೊಡಿಸಿದೆ. ಯಾರು ಎಷ್ಟು ಓಡಿದರು ಎಂದು ಅದು ಅಳೆಯುತ್ತದೆ. ಅದರ ಲೆಕ್ಕದಲ್ಲಿ ಕಹಳೆ ಮಾವ ಕಟ್ಟಕಡೆ. ಗೋಲ್‌ಕೀಪರ್‌ಗೆ ಈ ಲೆಕ್ಕ ಕೇಳಿದರೇ ಉರಿ. "ಬಸ್ಸು ತಪ್ಪಿಸಿಕೊಂಡೋನೇ ಸಾರ್ ಜಾಸ್ತಿ ಓಡೋದು. ಮೊದಲೇ ಬಂದು ಸ್ಟಾಪಲ್ಲಿ ನಿಂತೋನು ಯಾಕೆ ಓಡ್ತಾನೆ?"

ಹಾಗೆಂದು ವಯಸ್ಸನ್ನು ಮುಚ್ಚಿಡುವುದೂ ಬೇಡ. ಕೊನೆಯ ಅರ್ಧ ಗಂಟೆ ಇವರ ಕಾಲು ಸೀಸದಂತಾಗುತ್ತದೆ. "ಕಳೆದ ತಿಂಗಳು ಒಂದು ಗೋಲು ನನ್ನಿಂದಲೇ ಹೋಯ್ತು. ಆ ಹುಡುಗ ಗಾಳಿ ತರ ಹೋದ, ನಾನು ಗೋಡೆ ತರ ನಿಂತಿದ್ದೆ" ಎಂದು ಅವರೇ ಹೇಳುತ್ತಾರೆ.

ಹೋದ ವಾರ ಅರ್ಧ ಆಟಕ್ಕೇ ಇವರನ್ನು ಹೊರಗೆ ಕರೆದು, ಹೆಚ್ಚು ಓಡುವವನನ್ನು ಇಳಿಸಿದರು. ಹುಡುಗ ಓಡಿದ, ಪಾಪ, ನಾಯಿಗೆ ಹೆದರಿದವನಂತೆ ಓಡಿದ. ಆದರೆ ಹಿಂದಿನ ನಾಲ್ವರಿಗೆ ಹೇಳುವವರಿಲ್ಲ. ಇಬ್ಬರು ಮುಂದೆ ಏರಿದರು, ಇಬ್ಬರು ನಿಂತೇ ಇದ್ದರು, ನಡುವೆ ಎರಡು ಗೋಲು ನುಗ್ಗಿದವು. ಬೆಂಚಿನಲ್ಲಿದ್ದ ಕಹಳೆ ತಡೆಯಲಾರದೆ ಕೂಗಿತು. ರೆಫರಿ ಬಂದು ಹಳದಿ ಕಾರ್ಡು ತೋರಿಸಿದರು. "ಕೂತಲ್ಲೇ ಕಾರ್ಡು ಸಂಪಾದಿಸಿದ ಒಬ್ಬನೇ ಗಂಡಸು ನಮ್ಮ ಮಾವ" ಎಂದು ಗೋಲ್‌ಕೀಪರ್ ನಗುತ್ತಾನೆ. ನನಗೆ ನಗು ಬರುವುದಿಲ್ಲ.

ಏಕೆಂದರೆ ಈ ಮಂಡಿ ಹೀಗಾದದ್ದು ವಯಸ್ಸಿನಿಂದಲ್ಲ. ಮೂರು ವರ್ಷದ ಹಿಂದೆ ಫೈನಲ್‌ಗೆ ಮುಂಚೆ ಅದು ಕುಂಬಳಕಾಯಿಯಂತೆ ಊದಿತ್ತು. ವಿಶ್ರಾಂತಿ ಕೇಳಿದರು. ಕ್ಲಬ್ಬಿನವರೇ ಸೂಜಿ ಚುಚ್ಚಿಸಿ ಇಳಿಸಿದರು. ನೋವು ಗೊತ್ತಾಗಲಿಲ್ಲ, ಗೆದ್ದ ಕಪ್ಪು ಕ್ಲಬ್ಬಿಗೆ ಬಂತು, ಮಂಡಿ ಹೋಯಿತು. ಆ ಕಪ್ಪು ಇವತ್ತಿಗೂ ಕಾರ್ಯದರ್ಶಿಯ ಮೇಜಿನ ಹಿಂದೆ ಫಳಫಳ ಹೊಳೆಯುತ್ತಿದೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ?

ಅದೇ ಕಪ್ಪಿನ ಮುಂದೆ ಕೂತು ಕಾರ್ಯದರ್ಶಿ ನನಗೆ ವಿವರಿಸುತ್ತಾರೆ: "ಮುಂದಿನ ವರ್ಷಕ್ಕೆ ಅವರು ಬೇಡ ಅಂತ ತೀರ್ಮಾನ ಆಗಿದೆ. ಆದರೆ ನಾವು ತೆಗೆದ್ವಿ ಅನ್ನೋದು ಚೆನ್ನಾಗಿರಲ್ಲ ನೋಡಿ. ಭಾನುವಾರ ಈ ವರ್ಷದ ಕೊನೇ ಮ್ಯಾಚ್ ಮುಗಿದ ಮೇಲೆ ಮೈಕಲ್ಲಿ ಅವರೇ 'ಸಾಕಾಯ್ತು, ಬಿಡ್ತಿದೀನಿ' ಅಂದುಬಿಟ್ಟರೆ ಹಾರ ಹಾಕಿ, ಗೌರವವಾಗಿ ಕಳಿಸ್ತೀವಿ." ಕುಯ್ಯುವುದೂ ನೀವೇ, ಆಡಿನ ಬಾಯಲ್ಲೇ ಒಪ್ಪಿಗೆ ಕೇಳುವುದೂ ನೀವೇ! ಇಂಥವರನ್ನು ಅಳೆಯಲು ಯಾವ ಬನಿಯನ್ ಇದೆ?

ಮೈದಾನದ ಮೂಲೆಯಲ್ಲಿ ಮಂಡಿಗೆ ಬಿಸಿಬಟ್ಟೆ ಸುತ್ತಿಕೊಂಡು ಕೂತಿರುವ ಕಹಳೆ ಮಾವನನ್ನು ಕೇಳುತ್ತೇನೆ, ಭಾನುವಾರ ಏನು ಹೇಳುತ್ತೀರಿ?

"ತೆಗೀಲಿ, ಬೇಜಾರಿಲ್ಲ. ಒಂದಿನ ತೆಗೀಲೇಬೇಕು. ತೆಗೆದಿದ್ದು ನಾವು ಅಂತ ಅವರೇ ಹೇಳಲಿ, ಅಷ್ಟೇ ನಾನು ಕೇಳೋದು." ಹುಡುಗರು ಒಬ್ಬೊಬ್ಬರಾಗಿ ಗೇಟಿನೊಳಗೆ ಬರುತ್ತಿದ್ದಾರೆ. ಮಾವ ಮಂಡಿಯ ಬಟ್ಟೆ ಬಿಚ್ಚಿ ಏಳುತ್ತಾರೆ. "ಇಷ್ಟು ವರ್ಷ ಈ ಹುಡುಗರು ತಿರುಗಿ ನೋಡದೆ ನನ್ನ ಕೂಗು ನಂಬಿದಾರೆ. ಈ ಬಾಯಲ್ಲಿ ಸುಳ್ಳು ಕೂಗಲ್ಲ."