ಮಗನ ಸುದ್ದಿಯ ಎರಡನೇ ಪಂಕ್ತಿ

ಭಾನುವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಅಡುಗೆಮನೆಯ ಕಿಟಕಿಯ ದಂಡೆಯೇ ಮೊಬೈಲಿನ ಸಿಂಹಾಸನ. ಉಪ್ಪಿನಕಾಯಿ ಭರಣಿಯನ್ನು ಸರಿಸಿ, ಸಿಗ್ನಲ್ ಸರಿಯಾಗಿ ಸಿಗುವ ಆ ಒಂದು ಗೇಣು ಜಾಗದಲ್ಲಿ ಅದನ್ನು ಕೂರಿಸಿದ ಮೇಲೆ ಯಾರೂ ಮುಟ್ಟುವಂತಿಲ್ಲ. ಸವಣೂರು ಪೇಟೆಯಲ್ಲಿ ಹೊಲಿಗೆಯಂಗಡಿ ಇಟ್ಟುಕೊಂಡಿರುವ ನಾನು ಉಳಿದ ದಿನಗಳಲ್ಲಿ ಸಾಕಷ್ಟು ವಿನಯವಂತೆಯೇ. ಆದರೆ ಭಾನುವಾರ ಬ್ಲೌಸಿನ ವಿಚಾರ ಕೇಳಲು ಫೋನು ಮಾಡಿದ ಗಿರಾಕಿಗೆ ಬೈಗುಳವೇ ಗತಿ.

ಕಾರಣವಿದೆ. ನನ್ನ ಮಗ ನಿಶಾಂತ ಸೈನ್ಯದ ತರಬೇತಿಯಲ್ಲಿದ್ದಾನೆ, ಅಲ್ಲಿ ಹುಡುಗರ ಕೈಗೆ ಫೋನು ಸಿಗುವುದು ಭಾನುವಾರ ಮಾತ್ರ, ಅದೂ ನಾಲ್ಕು ಮಾತಿಗೆ. ಪುತ್ತೂರು, ಸುಳ್ಯ, ಕಡಬದ ಕಡೆಯಿಂದ ಒಟ್ಟಿಗೆ ಹೋದ ಹುಡುಗರ ಹೆತ್ತವರೆಲ್ಲ ಸೇರಿ ಒಂದು ವಾಟ್ಸಾಪ್ ಗುಂಪು ಕಟ್ಟಿಕೊಂಡಿದ್ದೇವೆ. ಹಿಂದೆ ತಾವೇ ಸೈನ್ಯದಲ್ಲಿದ್ದ ಸುಳ್ಯದ ದೇವಪ್ಪಣ್ಣ ಮೊದಲ ದಿನವೇ ಒಂದು ಕಟ್ಟಳೆ ಮಾಡಿದರು: ಯಾರ ಮಗನ ಫೋನು ಬಂದರೂ ಪಕ್ಕದಲ್ಲಿ ನಿಂತ ಹುಡುಗನಿಗೂ ಅದರಲ್ಲಿ ಪಾಲುಂಟು, ಅವನು ಹೇಳಿದ್ದನ್ನು ಅವನ ಮನೆಗೆ ಮುಟ್ಟಿಸುವುದು ಫೋನು ಎತ್ತಿದವರ ಧರ್ಮ. ಹುಡುಗರು ಒಬ್ಬರ ಮನೆಯ ನಂಬರನ್ನು ಇನ್ನೊಬ್ಬರು ಬಾಯಿಪಾಠ ಮಾಡಿಕೊಂಡರು. ಎಷ್ಟು ಚಂದದ ಏರ್ಪಾಡು ಎಂದು ನಾನೂ ಹೊಗಳಿದ್ದೆ, ಪೆರಾಬೆಯ ಕುಸುಮಕ್ಕನ ಪರಿಚಯವಾಗುವವರೆಗೆ.

ಕುಸುಮಕ್ಕನ ಮಗ ಪ್ರಜ್ವಲನ ಮಂಚ ನಿಶಾಂತನ ಮಂಚಕ್ಕೆ ತಾಗಿಕೊಂಡೇ ಇದೆಯಂತೆ. ನನಗೆ ಫೋನು ಮಾಡಿದರೆ ನನ್ನ ಮಗ ಹೇಳುವುದಿಷ್ಟೇ: ಆರಾಮ ಇದ್ದೇನೆ, ಊಟ ಆಯಿತು, ನೀನು ಹೇಗಿದ್ದಿ. ಅದೇ ಮಹಾರಾಯ, ಪ್ರಜ್ವಲ ತನ್ನ ಮನೆಗೆ ಮಾಡಿದ ಫೋನಿನಲ್ಲಿ ಕುಸುಮಕ್ಕನ ಹತ್ತಿರ ಹಿಮ್ಮಡಿ ಸುಲಿದದ್ದನ್ನು, ಓಟದಲ್ಲಿ ಹಿಂದೆ ಬಿದ್ದು ಬೈಸಿಕೊಂಡದ್ದನ್ನು, ಒಂದು ಸಂಜೆ ಎಲ್ಲ ಬಿಟ್ಟು ಊರಿಗೆ ಬಂದುಬಿಡೋಣ ಅನ್ನಿಸಿದ್ದನ್ನು ಧಾರಾಳವಾಗಿ ಹೇಳಿಕೊಳ್ಳುತ್ತಾನೆ. ಕುಸುಮಕ್ಕ ಅದನ್ನು ಗಾಯ ಮಾಗಿದ ಮೇಲೆ ಮೆತ್ತಗೆ ನನಗೆ ದಾಟಿಸುತ್ತಾರೆ. ಹೊತ್ತು ಹೆತ್ತವಳು ನಾನು, ಮಗನ ಸುದ್ದಿಯಲ್ಲಿ ಮಾತ್ರ ನನಗೆ ಎರಡನೇ ಪಂಕ್ತಿ. ನೀವೇ ಹೇಳಿ, ಯಾರಿಗೆ ಸೈರಣೆಯಾದೀತು?

ಹೊಟ್ಟೆಕಿಚ್ಚು ಎಂಬ ಮಾತನ್ನು ಕಟ್ಟಿದವರು ಅದನ್ನು ಅನುಭವಿಸಿಯೇ ಕಟ್ಟಿರಬೇಕು. ಬೇರೆ ಸಂಕಟಗಳು ಎದೆಗೋ ತಲೆಗೋ ಹೋಗುತ್ತವೆ. ಇದು ಮಾತ್ರ ಒಂದು ಕಾಲಕ್ಕೆ ಮಗನಿದ್ದ ಜಾಗವನ್ನೇ ಹುಡುಕಿಕೊಂಡು ಬಂದು ಉರಿಯುತ್ತದೆ. ಕುಸುಮಕ್ಕ ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ತಂಡದ ಫೋಟೊ ಬಂದಾಗ ಎಲ್ಲರದ್ದೂ ಬೋಳುತಲೆ, ಎಲ್ಲರದ್ದೂ ಒಂದೇ ಬಟ್ಟೆ. ತೊಟ್ಟಿಲಿನಿಂದಲೂ ನಿಶಾಂತನ ಅಂಗಿ ಹೊಲಿದವಳು ನಾನು, ಭುಜ ನೋಡಿಯೇ ಮಗನನ್ನು ಹಿಡಿದೆ. ಗುರುತು ಹಾಕಿ ನೆಂಟರಿಗೆಲ್ಲ ಕಳಿಸಿದೆ. ಕುಸುಮಕ್ಕ ಫೋನು ಮಾಡಿ ಬಹಳ ಸಂಕೋಚದಿಂದ, "ಯಶೋದಕ್ಕ, ಅದು ನಮ್ಮ ಪ್ರಜ್ವಲ. ನಿಮ್ಮವ ಹಿಂದಿನ ಸಾಲಿನಲ್ಲಿ ಇದ್ದಾನೆ, ಗಲ್ಲ ತಗ್ಗಿಸಿ ನಿಂತವ," ಎಂದರು. ಹಿಗ್ಗಿಸಿ ನೋಡಿದೆ, ಅವರು ಹೇಳಿದ್ದೇ ಸರಿ. ಆಮೇಲೆ ಕೆಲವು ದಿನ ಅವರ ಫೋನು ಎತ್ತಲಿಲ್ಲ.

ಕಳೆದ ಭಾನುವಾರ ಕುಸುಮಕ್ಕ ಕಬಕದಲ್ಲೊಂದು ಮದುವೆಗೆ ಹೋಗಿದ್ದರು. ವಾದ್ಯದ ಗದ್ದಲದಲ್ಲಿ ಅವರಿಗೆ ರಿಂಗು ಕೇಳಿಸಿರಲಿಕ್ಕಿಲ್ಲ, ಪ್ರಜ್ವಲ ನನಗೆ ಮಾಡಿದ. ಪಕ್ಕದಲ್ಲಿ ನಿಶಾಂತ ಇರಲಿಲ್ಲ. ಪ್ರಜ್ವಲ ಮಾತಾಡುತ್ತಿದ್ದದ್ದು ಆಸ್ಪತ್ರೆಯ ಮಂಚದಿಂದ.

"ಮೊಣಕಾಲು ಬಾತಿದೆ ಆಂಟಿ. ಬೇಗ ಗುಣ ಆಗದಿದ್ರೆ ನನ್ನನ್ನು ನಮ್ಮ ನಂತರ ಬರುವ ತಂಡಕ್ಕೆ ಹಾಕ್ತಾರಂತೆ. ಅಮ್ಮನಿಗೆ ಈಗ ಹೇಳ್ಬೇಡಿ, ಅವ್ರು ಊಟ ಬಿಡ್ತಾರೆ."

ಮುಚ್ಚಿಡುವುದೇಕೆ, ನನಗೆ ಮೊದಲು ಆದದ್ದು ಸಂತೋಷ. ಕುಸುಮಕ್ಕನಿಗೆ ಸಿಗದ್ದು ನನ್ನ ಕೈಗೆ ಸಿಕ್ಕಿತ್ತು. ಆದರೆ ಆಚೆ ಕಡೆ ಅವನು ಅಳತೊಡಗಿದ, ನಾನು ಬಾಯಿಗೆ ಬಂದ ಸಮಾಧಾನವನ್ನೆಲ್ಲ ಹೇಳುತ್ತ ಹೋದೆ, ಹೇಳುತ್ತಲೇ ಒಂದು ಸಂಗತಿ ಹೊಳೆಯಿತು: ಹೆದರಿದ ಮಕ್ಕಳಿಗೆ ತಾಯಿಯಂಥವಳೊಬ್ಬಳು ಬೇಕು, ಆದರೆ ಅವಳು ತಾಯಿಯಾಗಿರಬಾರದು. ನಿಶಾಂತನೂ ಇಷ್ಟು ದಿನ ನಾನು ಊಟ ಬಿಡದಂತೆ ಕಾಯುತ್ತಿದ್ದನೋ ಏನೋ. ಹಾಗೆಂದು ನನ್ನ ಹೊಟ್ಟೆ ಪೂರ್ತಿ ತಣ್ಣಗಾಯಿತು ಅಂದುಕೊಳ್ಳಬೇಡಿ.

ಮಾತು ಮುಗಿದ ಕೂಡಲೇ ಕುಸುಮಕ್ಕನ ಫೋನು. ಪ್ರಜ್ವಲ ನನಗೆ ಮಾಡಿದ್ದ, ಆರಾಮ ಇದ್ದಾನಂತೆ, ಊಟ ಆಯಿತಂತೆ ಎಂದೆ.

"ಅಷ್ಟೆಯಾ?" ಎಂದರು. "ಆಗದಿಂದ ಮಾಡ್ತಾ ಇದ್ದೇನೆ, ನಿಮ್ಮ ಲೈನು ಬ್ಯುಸಿಯೇ ಬರ್ತಿತ್ತು. ಅಷ್ಟು ಹೊತ್ತು ನಿಮ್ಮ ಹತ್ರ ಎಂತ ಹೇಳಿದ ಅವ?"

ಆ ಸ್ವರದಲ್ಲಿ ಇದ್ದದ್ದು ಏನೆಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನಾಲಿಗೆ ತುದಿಗೆ ಬಂದದ್ದನ್ನು ನುಂಗಿ, ನನ್ನ ಹತ್ರ ಹೀಗೇ ಸುಮ್ಮನೆ ಹರಟಿದ ಮಾರಾಯ್ರೆ ಎಂದೆ. ಕುಸುಮಕ್ಕ ಟಪ್ಪನೆ ಫೋನು ಇಟ್ಟರು. ಇಡಲಿ. ಹುಡುಗನ ಮೊಣಕಾಲು ಗುಣವಾಗುವವರೆಗೆ ಅವರು ನನ್ನ ಮೇಲೆಯೇ ಉರಿದುಕೊಂಡಿರಲಿ.